ಬೂಟೋ, ಟ್ರೇಲ್ ಶೂನೋ?

ಪ್ರಶ್ನೆ: ಕಪ್ಪತಗುಡ್ಡಕ್ಕ ಆಗಾಗ ಹೋಗ್ತೇವಿ, ಈ ಮಳಿಗಾಲದಾಗ ಕುದುರೆಮುಖಕ್ಕೂ ಹೋಗೂದೈತಿ. ಹೈಕಿಂಗ್ ಬೂಟ್ ತಗೊಳ್ಳೋದೋ, ಟ್ರೇಲ್ ಶೂನೋ? – ಓದುಗರು, ಗದಗ

ಉತ್ತರ: ಒಂದ ಜೋಡಿ ಅಂದ್ರ ಟ್ರೇಲ್ ಶೂನ, ಅಂದ್ರ ಗುಡ್ಡದ ಹಾದಿಗೆ ಮಾಡಿದ ಹಗುರ ಶೂನ ತಗೋರಿ. ಕಪ್ಪತಗುಡ್ಡದಾಗ ಒಣ ಹುಲ್ಲು, ಉದುರು ಕಲ್ಲು, ಬಿಸಲು, ಹಗುರ ಶೂ ಇದ್ರ ಕಾಲು ದಣಿಯಂಗಿಲ್ಲ, ಆದ್ರ ಸೋಲ್ ಮುಟ್ಟಿ ನೋಡ್ರಿ, ಹಲ್ಲಿನ ನಡುವ ಜಾಗ ಅಗಲ ಇರಬೇಕು, ಇಲ್ಲಾಂದ್ರ ಮಳಿ ಆದ ಮ್ಯಾಲೆ ಕೆಳಗಿನ ಎರಿ ಹೊಲದ ಮಣ್ಣು ಮೆತ್ಕೊಂಡು ಕಾಲ ಎತ್ತಾಕ ಆಗೂದಿಲ್ಲ. ಕುದುರೆಮುಖದಾಗ ಹಳ್ಳ ದಾಟಬೇಕು, ವಾಟರ್‌ಪ್ರೂಫ್ ಬೂಟಿಗೆ ಮ್ಯಾಲಿಂದ ನೀರು ಹೊಕ್ಕಿತಂದ್ರ ಲಗೂನ ಆರೂದಿಲ್ಲ, ಮೆಶ್ (ಜಾಳಿಗಿ ಬಟ್ಟಿ) ಟ್ರೇಲ್ ಶೂದಾಗಿನ ನೀರು ನಡಕೋತನ ಹೊರಗ ಹೋಗ್ತೈತಿ. ಜಿಗಣಿಗೆ ಎರಡೂ ಒಂದ, ಲೀಚ್ ಸಾಕ್ಸ್ ಬೇಕಾ ಬೇಕು. ಟೆಂಟ್ ಹೊತ್ತು ಎರಡ್ಮೂರು ದಿನ ನಡಿಯೋರಿಗೆ ಬೂಟ್ ಖರೇನ ಚಲೋ. ಅಂಗಡಿಗೆ ಸಂಜಿಮುಂದ ಹೋಗ್ರಿ, ಆಗ ಪಾದ ಸ್ವಲ್ಪ ಉಬ್ಬಿರ್ತಾವ, ಗುಡ್ಡ ಇಳಿಯುವಾಗ ಬೆರಳು ಬಡಿಯದಂಗ ಮುಂದ ಹೆಬ್ಬೆರಳಗಲ ಜಾಗ ಇರ್ಲಿ.