ಈ ವಚನ ನಿಮಗೆಲ್ಲಿ ಸಿಕ್ಕಿತು?

ಆತ್ಮೀಯರೇ, ಶರಣು.

ಎಳ್ಳಮಾವಾಸ್ಯೆ ಸಂಚಿಕೆಗೆ ನೀವು ಕಳಿಸಿದ ‘ತೊಗರಿ ಕಣ’ ಕತೆಯನ್ನು ಎರಡು ಸಲ ಓದಿದೆ. ಜೊತೆಗಿನ ಪತ್ರದಲ್ಲಿ ‘ಚಾಟ್‌ಜಿಪಿಟಿ ಸ್ವಲ್ಪ ಸಹಾಯ ಮಾಡಿದೆ, ಕಾನೂನಿನ ತೊಂದರೆ ಏನೂ ಇಲ್ಲ ಅಲ್ವಾ ಸರ್?’ ಅಂತ ಕೇಳಿದ್ದೀರಿ. ಮುಚ್ಚಿಡದೆ ಹೇಳಿದಿರಲ್ಲ, ಅದಕ್ಕೇ ಇಷ್ಟುದ್ದ ಉತ್ತರ. ಮುಚ್ಚಿಟ್ಟವರಿಗೆ ನಾನು ಎರಡೇ ಸಾಲು ಬರೆಯೋದು.

ಕತೆ ಈಗಿರುವ ಹಾಗೆ ಹಾಕೋಕೆ ಆಗಲ್ಲ. ‘ಸ್ವಲ್ಪ’ ಅಂದಿರಿ, ಆದರೆ ಆರು ಪುಟದಲ್ಲಿ ಐದು ಆ ಬರೆಯೋ ಯಂತ್ರದ್ದೇ ಅನ್ನಿಸಿತು. ಇದನ್ನು ಪತ್ತೆ ಹಚ್ಚೋ ಸಾಫ್ಟ್‌ವೇರ್ ನಾನು ಬಳಸಲ್ಲ. ಅದು ಸ್ವಂತ ಬರೆದವರನ್ನೂ ಒಮ್ಮೊಮ್ಮೆ ಕಳ್ಳರ ಸಾಲಿನಲ್ಲಿ ನಿಲ್ಲಿಸುತ್ತದೆ. ಕತೆ ಓದಿದರೆ ಸಾಕಾಯಿತು. ಚಿತ್ತಾಪುರ ಕಡೆಯ ಹೊಲದಲ್ಲಿ ಎಳ್ಳಮಾವಾಸ್ಯೆ ದಿನ ನಿಮ್ಮ ಅವ್ವ ಎಳ್ಳು-ಬೆಲ್ಲ ಹಂಚುತ್ತಾಳೆ. ಅದು ಸಂಕ್ರಾಂತಿಯದಲ್ವಾ? ಹೊಲಕ್ಕೆ ಎಡೆ ಎರಚಿ ಚರಗ ಚೆಲ್ಲೋದು ಎಲ್ಲಿ, ಭಜ್ಜಿ ಎಲ್ಲಿ, ಸಜ್ಜೆ ರೊಟ್ಟಿ ಎಲ್ಲಿ? ನೀವು ಹುಟ್ಟಿದಾಗಿಂದ ಉಂಡ ಊಟ ನಿಮ್ಮ ಕತೆಯಲ್ಲೇ ಇಲ್ಲ. ಅವ್ವ ‘ಬಾ ಮಗು, ಊಟ ಮಾಡು’ ಅಂತ ಬೇರೆ ಕರೆಯುತ್ತಾಳೆ. ನಮ್ಮ ಕಡೆ ಹೀಗೆ ಕರೆಯೋ ಅವ್ವನನ್ನು ನಾನಂತೂ ನೋಡಿಲ್ಲ.

ಇದನ್ನೆಲ್ಲ ತಿದ್ದಬಹುದಿತ್ತು. ಕತೆ ವಾಪಸ್ ಮಾಡೋಕೆ ಕಾರಣ ಮೂರನೇ ಪುಟದ ವಚನ.

ಬಸವಣ್ಣನವರದು ಅಂತ ನಾಲ್ಕು ಸಾಲು ಹಾಕಿದ್ದೀರಿ. ‘ರೈತನ ಬೆವರೇ ನಾಡಿನ ಪ್ರಗತಿ ನೋಡಾ’ ಅಂತ ಶುರುವಾಗುತ್ತದೆ, ಕೊನೆಗೆ ಕೂಡಲಸಂಗಮದೇವ ಅಂಕಿತವೂ ಇದೆ. ಸಮಗ್ರ ವಚನ ಸಂಪುಟ ತೆಗೆದು ಒಂದು ಸಂಜೆ ಪೂರ್ತಿ ಹುಡುಕಿದೆ. ಇಲ್ಲ. ಹುಡುಕೋ ಮೊದಲೇ ಅನುಮಾನ ಬಂದಿತ್ತು ಅನ್ನಿ. ‘ರೈತ’ ಅರಬ್ಬಿ ಮೂಲದ ಮಾತು, ಪಾರಸಿ ದಾರಿ ಹಿಡಿದು ನಮ್ಮಲ್ಲಿಗೆ ಬಂದದ್ದು. ಪಾರಸಿಯಲ್ಲಿ ಆಡಳಿತ ನಡೆಸಿದ ಬಹಮನಿಗಳು ಕಲಬುರಗಿಯಲ್ಲಿ ರಾಜ್ಯ ಕಟ್ಟಿದ್ದೇ 1347ರಲ್ಲಿ. ಬಸವಣ್ಣನವರು 12ನೇ ಶತಮಾನದವರು, ಅವರ ಕಾಲಕ್ಕೆ ಒಕ್ಕಲಿಗ ಇದ್ದ. ಇನ್ನು ‘ನಾಡಿನ ಪ್ರಗತಿ’ ಯಾವ ಕಾಲದ ಭಾಷಣದ್ದು ಅಂತ ನಾನು ಹೇಳಬೇಕಿಲ್ಲ.

ನೀವು ಬೇಕಂತ ಮಾಡಿಲ್ಲ, ಗೊತ್ತು. ಆ ಯಂತ್ರ ಪುಸ್ತಕ ತೆರೆದು ನೋಡಿ ಹೇಳಲ್ಲ. ಒಂದು ಪದ ಆದ ಮೇಲೆ ಯಾವ ಪದ ಬಂದರೆ ಹೊಂದುತ್ತದೆ ಅಂತ ಅಂದಾಜು ಮಾಡಿ ಜೋಡಿಸುತ್ತದೆ. ವಚನದ ಧಾಟಿ ಗೊತ್ತು, ಅಂಕಿತ ಗೊತ್ತು, ಹೊಸೆದುಬಿಟ್ಟಿತು. ನ್ಯೂಯಾರ್ಕಿನಲ್ಲಿ ಇಬ್ಬರು ವಕೀಲರಿಗೆ ಇದೇ ಆಯಿತು. ಚಾಟ್‌ಜಿಪಿಟಿ ಕೊಟ್ಟ ಇಲ್ಲದ ತೀರ್ಪುಗಳನ್ನು ಕೋರ್ಟಿಗೆ ಕೊಟ್ಟು 2023ರಲ್ಲಿ 5,000 ಡಾಲರ್ ದಂಡ ಹಾಕಿಸಿಕೊಂಡರು. ಒಬ್ಬರು ‘ಈ ತೀರ್ಪು ನಿಜವೇ?’ ಅಂತ ಅದನ್ನೇ ಕೇಳಿದ್ದರಂತೆ, ಅದು ಹೌದು ಅಂದಿತಂತೆ. ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ. ನೀವೂ ಅದನ್ನೇ ಕೇಳಿದಿರಾ? ಆ ವಚನ ಅಚ್ಚಾಗಿದ್ದರೆ ನಾಳೆ ಯಾವುದೋ ಶಾಲೆಯ ಮಗು ಅದನ್ನೇ ಬಾಯಿಪಾಠ ಮಾಡಿ ಬಸವ ಜಯಂತಿಯಲ್ಲಿ ಹೇಳುತ್ತಿತ್ತು. ಆಮೇಲೆ ಅಳಿಸೋರು ಯಾರು?

ಈಗ ನಿಮ್ಮ ಕಾನೂನಿನ ಪ್ರಶ್ನೆ. ನಮ್ಮ ಕಾಪಿರೈಟ್ ಕಾಯ್ದೆ 1957ರದ್ದು. ಕಂಪ್ಯೂಟರ್‌ನಿಂದ ಹುಟ್ಟಿದ ಕೃತಿಗೆ, ಅದು ಹುಟ್ಟಲು ಕಾರಣನಾದ ವ್ಯಕ್ತಿಯೇ ಕರ್ತೃ ಅಂತ 1994ರಲ್ಲಿ ಸೇರಿಸಿದರು. ಆಗ ಇಂಥ ಯಂತ್ರ ಯಾರ ತಲೆಯಲ್ಲಿತ್ತು! ಕಾರಣ ಯಾರು, ನಾಲ್ಕು ಸಾಲು ಟೈಪ್ ಮಾಡಿದ ನೀವಾ, ಯಂತ್ರ ಕಟ್ಟಿದ ಕಂಪನಿಯಾ? ಎರಡೂ ಕಡೆ ವಾದ ಇದೆ. ಯಂತ್ರ ಒಂದೇ ಮಾಡಿದ ಚಿತ್ರಕ್ಕೆ ಕಾಪಿರೈಟ್ ಇಲ್ಲ ಅಂತ ಅಮೆರಿಕದ ಮೇಲ್ಮನವಿ ಕೋರ್ಟು 2025ರಲ್ಲಿ ಹೇಳಿತು. ಅದು ಅಲ್ಲಿನ ಮಾತು. ನಮ್ಮಲ್ಲಿ ಇನ್ನೊಂದು ಜಗಳ ಇದೆ. ‘ನಮ್ಮನ್ನು ಕೇಳದೆ ನಮ್ಮ ಸುದ್ದಿ ಬಳಸಿ ಯಂತ್ರಕ್ಕೆ ಕಲಿಸಿದ್ದೀರಿ’ ಅಂತ ಸುದ್ದಿಸಂಸ್ಥೆ ಎಎನ್‌ಐ 2024ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಕಟ್ಟಿದ ಓಪನ್‌ಎಐ ಕಂಪನಿ ಮೇಲೆ ದೆಹಲಿ ಹೈಕೋರ್ಟಿಗೆ ಹೋಯಿತು. ಇದನ್ನು ಓದುವಾಗ ನನಗೆ ನಮ್ಮ ಪತ್ರಿಕೆಯೇ ನೆನಪಾಗುತ್ತದೆ. ಹಳೇ ಸಂಚಿಕೆಗಳನ್ನು ಯಾರೋ ಪಿಡಿಎಫ್ ಮಾಡಿ ಇಂಟರ್‌ನೆಟ್‌ಗೆ ಹಾಕಿದ್ದಾರೆ. ಸಂಭಾವನೆ ಅಂತ ಒಂದು ಪ್ರತಿ ಬಿಟ್ಟು ಬೇರೇನೂ ಪಡೆಯದ ನಮ್ಮ ಲೇಖಕರ ಮಾತು ಎಲ್ಲೆಲ್ಲಿ ಹೋಗಿದೆಯೋ.

ಕಾಪಿರೈಟ್ ಯಾರದೇ ಆಗಲಿ, ಕತೆಯ ಮೇಲೆ ನಿಮ್ಮ ಹೆಸರು ಇರುತ್ತದೆ, ಸಂಪಾದಕ ಅಂತ ನನ್ನದು. ನೋಟಿಸ್ ಬಂದರೆ ನಮ್ಮಿಬ್ಬರ ಮನೆಗೇ. ಸಂಚಿಕೆಗೆ ಬರೆಯೋರು ‘ಇದು ನನ್ನ ಸ್ವಂತ ಬರಹ’ ಅಂತ ಸಹಿ ಹಾಕಿ ಕೊಡೋ ಚೀಟಿ ಸುಮ್ನೆ ಇಟ್ಟಿದ್ದಲ್ಲ. ಇನ್ನು ಮೇಲೆ ಅದರಲ್ಲಿ ಒಂದು ಸಾಲು ಸೇರಿಸುತ್ತಿದ್ದೇನೆ: ಯಂತ್ರ ಬಳಸಿದ್ದರೆ ಯಾವುದಕ್ಕೆ, ಎಷ್ಟು. ಕಾಗುಣಿತ ತಿದ್ದಿಸಿಕೊಂಡರೆ ನನ್ನ ತಕರಾರಿಲ್ಲ.

ಇನ್ನೊಂದು ಕೇಳಬೇಕು. ದೊಡ್ಡಪ್ಪನ ಸಾಲದ ವಿಷಯ ಕತೆಯಲ್ಲಿದೆ. ಊರ ಹೆಸರು, ಮೊತ್ತ, ಸೊಸೈಟಿಯವರು ಮನೆ ಮುಂದೆ ಬಂದು ಆಡಿದ ಮಾತು, ಎಲ್ಲವನ್ನೂ ಅದರೊಳಗೆ ಟೈಪ್ ಮಾಡಿ ಕೊಟ್ಟಿದ್ದೀರಿ ಅಂತ ಕಾಣುತ್ತದೆ. ಅವರನ್ನು ಕೇಳಿದಿರಾ? ಓಣಿಯವರಿಗೇ ಗೊತ್ತಾಗಬಾರದು ಅಂತ ಅವರು ಮುಚ್ಚಿಟ್ಟಿದ್ದನ್ನು ಎಲ್ಲಿಯದೋ ಕಂಪನಿಯ ಕೈಗೆ ಇಟ್ಟ ಹಾಗಾಯಿತು. ಕತೆಯಿಂದಲೂ ಊರ ಹೆಸರು, ಮೊತ್ತ ತೆಗೆಯಿರಿ.

ನಾಲ್ಕನೇ ಪುಟದ ಮಧ್ಯೆ ಮಾತ್ರ ಪೆನ್ಸಿಲ್ ಕೆಳಗಿಟ್ಟೆ. ನೆಟೆ ರೋಗ ಬಿದ್ದ ತೊಗರಿ. ‘ಅಪ್ಪ ಒಣಗಿದ ಗಿಡ ಕಿತ್ತ. ಕುಡುಗೋಲಿನಿಂದ ಕಾಂಡ ಸೀಳಿದ. ಒಳಗೆ ಕರಿ ಗೆರೆ. ಹೆಬ್ಬೆರಳಿನಿಂದ ತಿಕ್ಕಿದ, ಹೋಗಲಿಲ್ಲ.’ ಇದು ನೀವು ನಿಂತು ನೋಡಿದ್ದು. ಆದರೆ ಮರುಸಾಲಿನಲ್ಲೇ ‘ಅಪ್ಪನ ಕಣ್ಣಲ್ಲಿ ಭರವಸೆಯ ಕಿರಣ’ ಅಂತ ಬರುತ್ತದೆ. ಅದು ಬೇಡ.

ತಿಕ್ಕಿದ ಮೇಲೆ ಅಪ್ಪ ಏನಂದರು? ಅಥವಾ ಏನೂ ಅನ್ನದೆ ಮನೆಗೆ ನಡೆದರಾ? ಅಲ್ಲಿಂದ ಬರೆಯಿರಿ. ಎರಡೇ ಪುಟ ಆದರೂ ಸರಿ, ಕೈಬರಹ ಆದರೂ ಸರಿ, ನಾನು ಟೈಪ್ ಮಾಡಿಸುತ್ತೇನೆ. ಎಳ್ಳಮಾವಾಸ್ಯೆಗೆ ಇನ್ನೂ ಟೈಮಿದೆ, ನಿಮಗಾಗಿ ಎರಡು ಪುಟ ಖಾಲಿ ಇಟ್ಟಿರುತ್ತೇನೆ.

ನಿಮ್ಮ,
ಸಂಪಾದಕ, ಕಲಬುರಗಿ