ಕೊಂಡುಕುರಿಗೆ (ನಾಲ್ಕು ಕೊಂಬಿನ ಪುಟ್ಟ ಹುಲ್ಲೆ) ಬಿಸಿಲಿನ ಒತ್ತಡ ಆಗಿದೆಯಾ ಅಂತ ಹಿಡಿಯದೆ ತಿಳಿಯಬಹುದಾ?

ತಿಳಿಯಬಹುದು, ಹಿಕ್ಕೆಯಿಂದ.

ನಮ್ಮ ಜಗಳೂರು ಕಡೆಯ ರಂಗಯ್ಯನದುರ್ಗದ ಕಾಡನ್ನೇ ತಗೊಳ್ಳಿ. ಕೊಂಡುಕುರಿ ಹಿಡಿದು ರಕ್ತ ತೆಗೆದರೆ, ಕೆಲವೇ ನಿಮಿಷದಲ್ಲಿ ಗಾಬರಿಗೇ ಕಾರ್ಟಿಸಾಲ್ ಅನ್ನೋ ಒತ್ತಡದ ಹಾರ್ಮೋನ್ ಏರಿಬಿಡುತ್ತದೆ, ಆಮೇಲೆ ಬಿಸಿಲಿನಿಂದ ಆಗಿದ್ದೆಷ್ಟು, ನಾವು ಹಿಡಿದ ಭಯದಿಂದ ಆಗಿದ್ದೆಷ್ಟು ಅಂತ ಬಿಡಿಸೋದು ಕಷ್ಟ ಅಲ್ವಾ? ಹಿಕ್ಕೆಯಲ್ಲಿ ಈ ತೊಂದರೆ ಇಲ್ಲ. ಕಾರ್ಟಿಸಾಲ್ ಒಡೆದು ಉಳಿದ ಅಂಶ ಅದರಲ್ಲಿರುತ್ತದೆ, ಅದು ಹಿಂದಿನ ಹಲವು ಗಂಟೆಗಳ ಲೆಕ್ಕ ಹೇಳುತ್ತದೆ. ಕೊಂಡುಕುರಿ ಮತ್ತೆ ಮತ್ತೆ ಒಂದೇ ಜಾಗದಲ್ಲಿ ಹಿಕ್ಕೆ ಹಾಕುವ ಪ್ರಾಣಿ, ಹಾಗಾಗಿ ಹುಡುಕೋದೂ ಸುಲಭ. ಆದರೆ ಕಪ್ಪಗೆ, ಹಸಿಯಾಗಿ ಹೊಳೆಯೋದನ್ನೇ ಆರಿಸಿ. ಒಣಗಿ ಬಿಳಿಚಿಕೊಂಡಿದ್ದು ಬೇಡ, ಬಿಸಿಲು ಮತ್ತು ಬ್ಯಾಕ್ಟೀರಿಯಾ ಹಾರ್ಮೋನನ್ನು ಕೆಡಿಸಿರುತ್ತವೆ. ತಕ್ಷಣ ಐಸ್‌ನಲ್ಲಿಡಬೇಕು.

ಅದೇ ಹಿಕ್ಕೆಯ ಡಿಎನ್‌ಎಯಿಂದ ಅದು ಗಂಡಾ ಹೆಣ್ಣಾ, ಯಾವ ಪ್ರಾಣಿಯದು ಅಂತಲೂ ಗೊತ್ತಾಗುತ್ತದೆ. ಯಾವ ಜೀನ್ ಈಗ ಕೆಲಸ ಮಾಡುತ್ತಿದೆ ಅಂತ ತಿಳಿಯಲು ಆರ್‌ಎನ್‌ಎ (ಜೀನ್ ಕೆಲಸ ಮಾಡುವಾಗ ತಯಾರಾಗುವ ಅದರ ನಕಲು) ಬೇಕು, ಅದು ಬೇಗ ಕೆಡುವುದರಿಂದ ಕಾಡಿನಲ್ಲಿ ಕಷ್ಟ.

ಒಂದು ಮಾತು, ಒಂದೇ ಸಲದ ಅಂಕಿ ನೋಡಿ ಸುಮ್ನೆ ತೀರ್ಮಾನಿಸಬೇಡಿ. ಗಬ್ಬದ ಪ್ರಾಣಿಯಲ್ಲೂ ಹಾರ್ಮೋನ್ ಜಾಸ್ತಿ ಇರಬಹುದು. ಮಳೆಗಾಲದ್ದು, ಬೇಸಿಗೆಯದ್ದು ಎರಡನ್ನೂ ಪಕ್ಕದಲ್ಲಿಟ್ಟು ನೋಡಿ.