ಬೇಲಿಯ ಬುಡ

ಮಾನ್ಯರೇ,

ಕಳೆದ ಸಂಚಿಕೆಯಲ್ಲಿ ಜಾನ್ ಬಾಯ್ನ್ ಅವರ ‘ದ ಬಾಯ್ ಇನ್ ದ ಸ್ಟ್ರೈಪ್ಡ್ ಪೈಜಾಮಾಸ್’ ಕಾದಂಬರಿ ಬಗ್ಗೆ ಓದುಗರ ಅಭಿಪ್ರಾಯಗಳನ್ನು ಪ್ರಕಟಿಸಿದ್ದೆವು. ಹೆಚ್ಚಿನವರು ಕಣ್ಣೊರೆಸಿಕೊಂಡೇ ಬರೆದಿದ್ದರು. ಒಬ್ಬರು ಮಾತ್ರ ‘ಇದು ಸುಳ್ಳು ಪುಸ್ತಕ’ ಎಂದಿದ್ದರು. ಆ ಒಬ್ಬರ ಮೇಲೆ ನಿಮಗೆ ಸಿಟ್ಟು. ‘ಕಾದಂಬರಿಯಲ್ಲಿ ಇತಿಹಾಸದ ತಪ್ಪು ಎಣಿಸುವುದು ಮೊಸರಲ್ಲಿ ಕಲ್ಲು ಹುಡುಕಿದಂತೆ. ನನ್ನ ಮಗಳು ಓದಿ ಮುಗಿಸಿ ಎರಡು ದಿನ ಮಾತೇ ಆಡಲಿಲ್ಲ. ಇನ್ನೇನು ಬೇಕು?’ ಎಂದು ಕೇಳಿದ್ದೀರಿ. ಕೊನೆಯ ಎರಡು ಪದಗಳ ಕೆಳಗೆ ಎಳೆದ ಗೆರೆಗೆ ಕಾಗದವೇ ಹರಿದಿದೆ!

ಮೊದಲು ಒಪ್ಪಿಕೊಂಡುಬಿಡುತ್ತೇನೆ. 2006ರಲ್ಲಿ ಬಂದ ಈ ಪುಸ್ತಕವನ್ನು ನಾನು ಒಂದೇ ಗುಕ್ಕಿಗೆ ಓದಿದವನು, ಅತ್ತವನು. ಅದರಲ್ಲೊಂದು ಸನ್ನಿವೇಶ ಈಗಲೂ ಬಿಟ್ಟಿಲ್ಲ. ನಾಜಿಗಳು ಯಹೂದಿಗಳನ್ನು ಕೂಡಿಹಾಕಿ ಕೊಲ್ಲುತ್ತಿದ್ದ ಆಶ್ವಿಟ್ಜ್ ಶಿಬಿರದ ಅಧಿಕಾರಿಯ ಮಗ, ಒಂಬತ್ತರ ಬ್ರೂನೋ ಉಯ್ಯಾಲೆಯಿಂದ ಬಿದ್ದು ಮಂಡಿ ತರಚಿಕೊಳ್ಳುತ್ತಾನೆ. ಅಡುಗೆಮನೆಯಲ್ಲಿ ತರಕಾರಿ ಹೆರೆಯುವ ಕೈದಿ ಪಾವೆಲ್ ಗಾಯ ತೊಳೆದು ಪಟ್ಟಿ ಕಟ್ಟುತ್ತಾನೆ. ತಾನು ವೈದ್ಯ ಎನ್ನುತ್ತಾನೆ. ವೈದ್ಯರಾಗಿದ್ದರೆ ತರಕಾರಿ ಯಾಕೆ ಹೆರೆಯುತ್ತೀರಿ ಎಂಬುದು ಹುಡುಗನ ಪ್ರಶ್ನೆ. ಅಷ್ಟರಲ್ಲಿ ತಾಯಿ ಬರುತ್ತಾಳೆ; ಯಜಮಾನರು ಕೇಳಿದರೆ ಪಟ್ಟಿ ಕಟ್ಟಿದ್ದು ನಾನೇ ಅಂತ ಹೇಳೋಣ ಎನ್ನುತ್ತಾಳೆ. ಅದು ಪಾವೆಲನನ್ನು ಉಳಿಸಲು ಎಂದು ನಮಗೆ ಗೊತ್ತಾಗುತ್ತದೆ, ಹುಡುಗನಿಗೆ ಗೊತ್ತಾಗುವುದಿಲ್ಲ. ಯುದ್ಧಕಾಲದ ಮಗುವಿನ ಕಣ್ಣಿಂದ ಬರೆಯುವುದೆಂದರೆ ಇದು.

ಆದರೆ ಶಿಬಿರದ ಬೇಲಿಯ ವಿಷಯ ಬೇರೆ. ಕಥೆ ನಿಂತಿರುವುದೇ ಬೇಲಿಯ ಬುಡ ಸಡಿಲವಾಗಿದೆ ಎಂಬುದರ ಮೇಲೆ. ಎತ್ತಿದರೆ ಮಗುವೊಂದು ನುಸುಳುವಷ್ಟು ಸಂದು. ಆಚೆ ಶಿಬಿರದೊಳಗಿನ ಯಹೂದಿ ಹುಡುಗ ಶ್ಮೂಲ್, ಈಚೆ ರೊಟ್ಟಿ ಹಿಡಿದ ಬ್ರೂನೋ, ತಿಂಗಳುಗಟ್ಟಲೆ ಹರಟೆ. ಆಶ್ವಿಟ್ಜ್‌ನ ನಿಜವಾದ ಬೇಲಿ ವಿದ್ಯುತ್ ಹರಿಯುವ ಎರಡು ಸಾಲು ಮುಳ್ಳುತಂತಿ. ಉದ್ದಕ್ಕೂ ಕಾವಲು ಗೋಪುರ. ಅಲ್ಲಿಗೆ ಸಾಗಿಸಿದ ಹದಿನೆಂಟರೊಳಗಿನವರು ಸುಮಾರು 2,32,000. ಅವರಲ್ಲಿ ಹೆಚ್ಚಿನವರು ಯಹೂದಿಗಳು. ಬಹುಪಾಲು ಮಕ್ಕಳನ್ನು ರೈಲಿನಿಂದ ಇಳಿಸಿದ ದಿನವೇ ವಿಷಾನಿಲದ ಕೋಣೆಗೆ ಕಳಿಸಿದರು. ಶಿಬಿರದೊಳಗೆ ಮಕ್ಕಳೇ ಇರಲಿಲ್ಲವೆಂದಲ್ಲ. 1945ರ ಜನವರಿ 27ರಂದು ಸೋವಿಯತ್ ಸೈನಿಕರು ಬಂದಾಗ ಉಳಿದಿದ್ದ ಸುಮಾರು 7,000 ಜನರಲ್ಲಿ 700ರಷ್ಟು ಮಕ್ಕಳು, ಹದಿಹರೆಯದವರು ಇದ್ದರು. ಆದರೆ ಅವರ್ಯಾರಿಗೂ ಬೇಲಿ ಪಕ್ಕ ಕೂತು ಗೆಳೆಯನಿಗೆ ಕಾಯುವ ಪುರುಸೊತ್ತು ಇರಲಿಲ್ಲ. ಇದು ಮೊಸರೊಳಗಿನ ಕಲ್ಲಲ್ಲ ಸ್ವಾಮಿ, ಪಾತ್ರೆಯೇ ತೂತು.

ಆಶ್ವಿಟ್ಜ್ ಸ್ಮಾರಕ ಸಂಸ್ಥೆಯೇ 2020ರ ಜನವರಿಯಲ್ಲಿ, ಆ ಇತಿಹಾಸವನ್ನು ಓದುವವರು, ಕಲಿಸುವವರು ಈ ಕಾದಂಬರಿಯಿಂದ ದೂರವಿರಬೇಕು ಎಂದು ಬಹಿರಂಗವಾಗಿ ಹೇಳಿತು. ‘ಇದು ನೀತಿಕಥೆ’ ಎಂಬ ಲೇಖಕರ ಸಮರ್ಥನೆಯನ್ನು ನಾನು ಅಲ್ಲಗಳೆಯುವುದಿಲ್ಲ. ಹುಡುಗ ಹಿಟ್ಲರನ ಬಿರುದಾದ ಫ್ಯೂರರ್ ಎನ್ನಲಾರದೆ ‘ಫ್ಯೂರಿ’, ಆಶ್ವಿಟ್ಜ್ ಎನ್ನಲಾರದೆ ‘ಔಟ್-ವಿತ್’ ಎನ್ನುವುದನ್ನೂ ಆ ಲೆಕ್ಕದಲ್ಲೇ ಬಿಡೋಣ. (ಬರ್ಲಿನ್ನಿನ ಹುಡುಗ, ತಪ್ಪು ಉಚ್ಚರಿಸುವುದು ಮಾತ್ರ ಇಂಗ್ಲಿಷಿನಲ್ಲಿ!) ನನಗೆ ಒಗ್ಗದಿರುವುದು ಅವನ ಅರಿಯದತನ. ಹತ್ತು ತುಂಬಿದ ಹುಡುಗರು ನಾಜಿ ಬಾಲಕರ ಪಡೆಗೆ ಸೇರುವುದು 1939ರಿಂದ ಕಡ್ಡಾಯವಾಗಿತ್ತು. ಯಹೂದಿಗಳನ್ನು ದ್ವೇಷಿಸುವುದನ್ನು ಶಾಲೆಯ ಪಾಠಗಳೇ ಕಲಿಸುತ್ತಿದ್ದವು. ಶಿಬಿರದ ಅಧಿಕಾರಿಯ ಮಗನಿಗೆ ಯಹೂದಿ ಎಂದರೇನೆಂದೇ ಗೊತ್ತಿಲ್ಲದಿರುವುದು ಹೇಗೆ? ಆ ಮುಗ್ಧತೆ ಮಗುವಿನದಲ್ಲ. ‘ನಮಗೇನೂ ಗೊತ್ತಿರಲಿಲ್ಲ’ ಎಂದ ದೊಡ್ಡವರದು. ಲೇಖಕರು ಅದನ್ನು ಹುಡುಗನಿಗೆ ತೊಡಿಸಿದ್ದಾರೆ.

ಇನ್ನು ನಿಮ್ಮ ಮಗಳ ವಿಷಯ. ಅವಳ ಮೌನವನ್ನು ನಾನು ಹಗುರವಾಗಿ ನೋಡುತ್ತಿಲ್ಲ. ನಾನು ಅತ್ತದ್ದನ್ನೇ ಆಮೇಲೆ ಹಿಂತಿರುಗಿ ನೋಡಿದಾಗ ಕಸಿವಿಸಿಯಾಯಿತು. ಕೊನೆಗೆ ಬ್ರೂನೋ ಬೇಲಿ ನುಸುಳಿ ಒಳಹೋಗುತ್ತಾನೆ; ಇಬ್ಬರು ಹುಡುಗರೂ ಕೈಕೈ ಹಿಡಿದೇ ವಿಷಾನಿಲದ ಕೋಣೆಯಲ್ಲಿ ಕಣ್ಮರೆಯಾಗುತ್ತಾರೆ. ಆದರೆ ಮುಂದಿನ ಪುಟಗಳಲ್ಲಿ ಹುಡುಕಾಟ ನಡೆಯುವುದು ಬ್ರೂನೋಗೆ ಮಾತ್ರ. ಕುಸಿದು ಕೂರುವುದು ಅವನ ಅಪ್ಪ. ನನ್ನ ಕಣ್ಣೀರೂ ಅಲ್ಲಿಗೇ ಹೋಗಿತ್ತು. ಶ್ಮೂಲ್‌ನನ್ನು ಹುಡುಕಿ ಯಾರೂ ಬರಲಿಲ್ಲ ಎಂಬುದು ನನಗೆ ಹೊಳೆದದ್ದು ಎರಡನೇ ಓದಿನಲ್ಲಿ.

ಆದ್ದರಿಂದ ಪುಸ್ತಕ ಕಸಿದುಕೊಳ್ಳಬೇಡಿ. ಆ್ಯನ್ ಫ್ರಾಂಕ್‌ಳ ದಿನಚರಿಯನ್ನೂ ಅದರ ಪಕ್ಕ ಇಡಿ. ನಾಜಿಗಳಿಂದ ಬಚ್ಚಿಟ್ಟುಕೊಂಡಿದ್ದ ಯಹೂದಿ ಮಗು ತಾನೇ ಬರೆದದ್ದು ಅದು. ಸಮಯ ನೋಡಿ, ಕೊನೆಗೆ ಯಾರಿಗಾಗಿ ಅತ್ತೆ ಎಂದು ಅವಳನ್ನು ಕೇಳಿ. ಉತ್ತರವನ್ನು ಅವಳ ಕೈಯಲ್ಲೇ ಬರೆಸಿ ಕಳಿಸಿದರೆ ಈ ಪುಟದಲ್ಲಿ ಜಾಗ ಬಿಟ್ಟಿರುತ್ತೇನೆ.

– ಸಂ.